ಲುವಾ ಅತ್ತೆಯ ಹತ್ತಿ ಕೋಟು

ಇದು ನಡೆದದ್ದು. ಸುಳ್ಳಾಗಿದ್ರೆ ನಾನೀಗ ಅಗೀತಿರೋ ಎಲೆ ಅಡಿಕೆ ಬಾಯಲ್ಲೇ ಬೇರು ಬಿಟ್ಟು, ಮೂಗಿನ ಹೊಳ್ಳೆಯಿಂದ ಬಳ್ಳಿ ಹೊರಗೆ ಬರಲಿ. ನಮ್ಮ ಬೆನ್ ಝೌ ಊರಲ್ಲಿ ಯಾರನ್ನಾದ್ರೂ ಕೇಳಿ ನೋಡಿ. ನನಗಿಂತ ಸ್ವಲ್ಪ ಕಮ್ಮಿ ಹೇಳ್ತಾರೆ, ಅಷ್ಟೆ. ಯಾಕಂದ್ರೆ ಇದರಲ್ಲಿ ಅವರದ್ದೂ ಪಾಲಿದೆ.

ನ್ಯೊನ್ ಅಂತ ಒಬ್ಬ. ದಕ್ಷಿಣದ ತುತ್ತತುದಿಯವನು. ಅವರ ಕಡೆ ಚಳಿಗಾಲ ಅಂದ್ರೆ ಬೆಳಗ್ಗೆ ಎದ್ದಾಗ ಸ್ನಾನದ ನೀರು ಎರಡು ಚೊಂಬು ಮಾತ್ರ ತಣ್ಣಗಿರತ್ತೆ, ಮೂರನೇ ಚೊಂಬಿಗೆ ಬಿಸಿಲು ಬಂದುಬಿಡತ್ತೆ. ವರ್ಷಪೂರ್ತಿ ಒಂದು ತೆಳ್ಳನೆ ಅಂಗಿ ಸಾಕು. ನಮ್ಮೂರ ತಾಮ್ ಅನ್ನೋ ಹುಡುಗಿ ಅಲ್ಲಿಗೆ ಚಪ್ಪಲಿ ಕಾರ್ಖಾನೆ ಕೆಲಸಕ್ಕೆ ಹೋದವಳು ಇವನನ್ನ ಮೆಚ್ಚಿ ಮದುವೆ ಆದ್ಲು. ಆಮೇಲೆ ಇಲ್ಲೇ ನಮ್ಮ ಪಟ್ಟಣದಲ್ಲಿ ಇನ್ನೂ ಒಳ್ಳೇ ಕೆಲಸ ಸಿಕ್ತು ಅಂತ ಗಂಡನನ್ನೂ ಕರ್ಕೊಂಡು ತಾಯಿ ಮನೆಗೆ ಬಂದ್ಲು. ಹಾಗೆ ನ್ಯೊನ್ ನಮ್ಮೂರಿಗೆ ಮನೆಅಳಿಯ ಆಗಿ ಬಂದದ್ದು. ಬಂದದ್ದೂ ಸರಿಯಾಗಿ ಚಳಿ ಶುರುವಾಗೋ ವಾರ.

ಪಾಪ, ಆ ಮೊದಲ ಚಳಿಗೆ ಅವನು ಮನೇಲಿದ್ದ ಬಟ್ಟೆ ಎಲ್ಲಾ ಒಂದರ ಮೇಲೊಂದು ಹಾಕ್ಕೊಂಡ. ಎಷ್ಟು ಅಂದ್ರೆ, ಕೈ ಮಡಚೋಕೆ ಆಗದೆ ಹೆಂಡತಿ ತುತ್ತು ತಿನ್ನಿಸಬೇಕಾಯ್ತು. ಒಂದಿನ ಬಾಗಿಲಲ್ಲಿ ಸಿಕ್ಕಿಹಾಕ್ಕೊಂಡ, ಅಕ್ಕಪಕ್ಕದವರು ಬಂದು ಎರಡು ಸ್ವೆಟರು ಕಳಚಿ ಒಳಗೆ ಎಳ್ಕೊಂಡ್ರು.

ಅತ್ತೆ ಹೆಸರು ಲುವಾ. ಮಾತು ಕಮ್ಮಿ, ಕೈ ಅಚ್ಚುಕಟ್ಟು. ಅಳಿಯನನ್ನ ಅವಳು ಚೆನ್ನಾಗೇ ನೋಡ್ಕೊಂಡ್ಲು, ಅತಿಯಾಗೇ ಚೆನ್ನಾಗಿ. ಪೊರಕೆ ಹಿಡಿದ್ರೆ "ಬಿಡಿ ಅಳಿಯಂದ್ರೇ, ನೀವ್ಯಾಕೆ" ಅಂತ ಕಿತ್ಕೊಳ್ಳೋಳು. ನೀರು ಸೇದೋಕೆ ಹೋದ್ರೆ ಹಗ್ಗ ಕೈಯಿಂದ ತಗೊಳ್ಳೋಳು. ಮೀನಿನ ಒಳ್ಳೇ ತುಂಡು ಅವನ ಬಟ್ಟಲಿಗೆ. ಐದು ತಿಂಗಳಾಯ್ತು, ಇವನು ಇನ್ನೂ ಹಜಾರದ ಚಾಪೆ ಮೇಲೆ ಕೂತ ನೆಂಟನೇ. ಕೇರಿಯ ಹೆಂಗಸರು ಅವನ ಹೆಸರೇ ಹೇಳ್ತಿರಲಿಲ್ಲ, "ಲುವಾ ಮನೆ ಅತಿಥಿಗಳು" ಅಂತಿದ್ರು. ನ್ಯೊನ್‌ಗೆ ಒಂದೇ ಆಸೆ. ಈ ಮನೇಲಿ ಒಂದಾದ್ರೂ ಕೆಲಸ ತಾನು ಮಾಡಿದ್ದು ಅಂತ ಆಗಬೇಕು, ಅತ್ತೆ ಅದನ್ನ ನೋಡಿ ತಲೆ ಆಡಿಸಬೇಕು.

ಚಳಿ ಮುಗೀತು, ಬೆವರೋ ದಿನಗಳು ಬಂದ್ವು. ನಿಮಗೆ ಗೊತ್ತಲ್ಲ, ನೆಲ ಗೋಡೆ ಎಲ್ಲಾ ಬೆವರೋದು. ಆ ವರ್ಷ ಎಷ್ಟು ಬೆವರಿದ್ವು ಅಂದ್ರೆ, ಬಾತುಗಳು ಕೊಳ ಬಿಟ್ಟು ನಮ್ಮ ಹಜಾರಕ್ಕೆ ಈಜೋಕೆ ಬರ್ತಿದ್ವು. ಒಗೆದ ಬಟ್ಟೆ ಒಣಗಲ್ಲ, ಒಗೆಯದ ಬಟ್ಟೆ ಬೂಷ್ಟು ಹಿಡಿಯತ್ತೆ. ಹದಿನೇಳು ದಿನ ಹಾಗೆ ಕಳೆದ ಮೇಲೆ ಒಂದು ಬೆಳಗ್ಗೆ ಬಿಸಿಲು ಬಂತು ನೋಡಿ! ಇಡೀ ಕೇರಿ ಚಳಿ ಬಟ್ಟೆ ಹೊತ್ಕೊಂಡು ಕೊಳಕ್ಕೆ ಇಳೀತು.

ಆವತ್ತೇ ಲುವಾ ಅತ್ತೆ ನದಿ ಆಚೆ ತಂಗಿ ಮನೆಗೆ ತಿಥಿಗೆ ಹೋಗಬೇಕಿತ್ತು. ಹೊಸ್ತಿಲು ದಾಟೋವಾಗ ಹೇಳಿದ್ಲು, "ಅಳಿಯಂದ್ರೇ, ಬಟ್ಟೆ ಮುಟ್ಟಬೇಡಿ. ನಾನು ಬಂದು ನೋಡ್ಕೋತೀನಿ. ಕೊನೇ ಚಳಿ ಇನ್ನೂ ಬಂದಿಲ್ಲ."

"ಇಷ್ಟು ಬಿಸಿಲಲ್ಲಿ ಇನ್ಯಾವ ಚಳಿ ಅತ್ತೆ?"

"ಬರತ್ತೆ. ವರ್ಷದ ಮೂರನೇ ತಿಂಗಳಲ್ಲಿ ಒಂದ್ಸಲ ವಾಪಸ್ ಬಂದೇ ಬರತ್ತೆ, ಮರೆತು ಹೋದ ಕೊಡೆ ತಗೊಳ್ಳೋಕೆ ಬಂದ ನೆಂಟನ ಹಾಗೆ."

ನೆಂಟ ಅನ್ನೋ ಮಾತು ಇವನಿಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಅತ್ತೆ ದಾರಿಯ ತಿರುವು ದಾಟಿದ್ದೇ ತಡ, ಸ್ವೆಟರು, ಶಾಲು, ಕಾಲುಚೀಲ, ಟೋಪಿ ಎಲ್ಲಾ ಬುಟ್ಟಿಗೆ ತುಂಬಿದ. ಎಲ್ಲದಕ್ಕಿಂತ ಕೆಳಗೆ ಅತ್ತೆಯ ಹತ್ತಿ ಕೋಟು.

ಆ ಕೋಟಿನ ವಿಷಯ ಹೇಳ್ಬೇಕು. ಕಂದು ಬಟ್ಟೆ ಒಳಗೆ ಬೆರಳುದ್ದ ದಪ್ಪ ಹತ್ತಿ ಹಾಸಿ ಹೊಲಿದದ್ದು. ಲುವಾ ಮದುವೆ ಆಗಿ ಬರೋವಾಗ ಅವಳ ಅಮ್ಮ ಹಿತ್ತಿಲ ಹತ್ತಿ ಬಿಡಿಸಿ, ತಾನೇ ಹಿಂಜಿ, ತಾನೇ ತುಂಬಿ ಕೊಟ್ಟದ್ದು. ನಲವತ್ತು ಚಳಿ ಕಂಡ ಕೋಟು. ಕೊರಳಪಟ್ಟಿ ಎಣ್ಣೆ ಹತ್ತಿ ಕಪ್ಪಗಾಗಿತ್ತು, ಒಳಗೆಲ್ಲಾ ಎಲೆ ಅಡಿಕೆ ವಾಸನೆ, ನೋವಿನ ಮುಲಾಮಿನ ವಾಸನೆ. ಲುವಾಗೆ ಬೆನ್ನುನೋವು. ಚಳಿ ಬಂತು ಅಂದ್ರೆ ಬೆನ್ನು ಆ ಕೋಟಿನ ಮಾತು ಬಿಟ್ಟು ಇನ್ಯಾವುದರ ಮಾತೂ ಕೇಳ್ತಿರಲಿಲ್ಲ. ನ್ಯೊನ್ ಆ ಕಪ್ಪು ಪಟ್ಟಿ ನೋಡಿ ಅಂದ್ಕೊಂಡ, ಇದನ್ನ ಫಳಫಳ ಅನ್ನಿಸಿಬಿಟ್ರೆ ಅತ್ತೆ ಏನನ್ನಬಹುದು!

ಕೊಳದ ಮೆಟ್ಟಿಲ ಮೇಲೆ ಪಕ್ಕದ ಮನೆ ಹ್ವೇ ಇದ್ಲು. ಬಾಯಿ ಜೋರು, ಮನಸ್ಸು ಒಳ್ಳೇದು.

"ಏನ್ರೀ ಅತಿಥಿಗಳೇ, ನೀವೇ ಇಳಿದುಬಿಟ್ರಿ? ನಿಮ್ಮತ್ತೆ ನೋಡಿದ್ರೆ ನಿಮ್ಮ ಕಾಲು ಒರೆಸಿ ಅಲಮಾರೀಲಿ ಎತ್ತಿಡ್ತಾರೆ!"

"ಅವರು ಬರೋದ್ರೊಳಗೆ ಒಗೆದು, ಒಣಗಿಸಿ, ಮಡಚಿ ಪೆಟ್ಟಿಗೆಗೆ ಹಾಕಿಬಿಡ್ತೀನಿ ಅಕ್ಕ."

"ಚಳಿ ಬಟ್ಟೆ ಒಗೆದು ಗೊತ್ತೇನಪ್ಪ ನಿಂಗೆ?"

"ಬಟ್ಟೆ ಬಟ್ಟೇನೇ ತಾನೇ! ನಮ್ಮ ಕಡೆ ನಾವೇನು ಬಾಳೆ ಎಲೆ ಸುತ್ಕೊಂಡು ಓಡಾಡ್ತೀವಾ?"

ಹೆಂಗಸರೆಲ್ಲಾ ನಕ್ರು. ಇವನಿಗೆ ಖುಷಿ ಆಯ್ತು. ಆ ಖುಷೀಲೇ ಕೆಟ್ಟ. ಗೊತ್ತಿಲ್ಲ ಅಂತ ಆವಾಗ ಒಂದು ಮಾತು ಅಂದಿದ್ರೆ ಹತ್ತು ಜನ ಹೇಳಿಕೊಡ್ತಿದ್ರು. ಆದ್ರೂ ಹ್ವೇ ಸುಮ್ಮನಿರದೆ ಅಂಟುವಾಳದ ಕಾಯಿ ಕೊಟ್ಟು, ಉಣ್ಣೆಯನ್ನ ಹಿಂಡಬೇಡ, ಗಳಕ್ಕೆ ನೇತುಹಾಕಬೇಡ, ಚಾಪೆ ಮೇಲೆ ಹರಡು ಅಂತ ತೋರಿಸಿ ಹೋದ್ಲು. ಅವಳ ಒಲೆ ಮೇಲೆ ಮೀನು ಬೇಯ್ತಿತ್ತು. ಆ ಮೀನು ಇನ್ನರ್ಧ ಗಂಟೆ ತಡವಾಗಿ ಬೆಂದಿದ್ರೆ ಈ ಕತೆಯೇ ಇರ್ತಿರಲಿಲ್ಲ.

ಮಧ್ಯಾಹ್ನ ಆಯ್ತು. ಎಲ್ಲಾ ಊಟಕ್ಕೆ ಹೋದ್ರು, ಕೊಳದಲ್ಲಿ ಇವನೊಬ್ಬನೇ. ಬುಟ್ಟಿ ತಳದಲ್ಲಿ ಕೋಟು.

ಹತ್ತಿ ಕೋಟನ್ನ ನಾವು ಹಾಗೇ ನೀರಿಗೆ ಹಾಕಲ್ಲ, ಹಸುಗೂಸಿಗೂ ಗೊತ್ತು. ಹೊಲಿಗೆ ಬಿಚ್ಚಿ, ಹತ್ತಿಯನ್ನ ಹಾಳೆ ಹಾಗೆ ಎತ್ತಿ ಮೊರದ ಮೇಲೆ ಬಿಸಿಲಿಗಿಟ್ಟು, ಬಟ್ಟೆ ಮಾತ್ರ ಒಗೆದು, ಹತ್ತಿಯನ್ನ ಮತ್ತೆ ಹಿಂಜಿ ಒಳಗಿಟ್ಟು ಹೊಲೀತೀವಿ. ನ್ಯೊನ್‌ಗೆ ಯಾರು ಹೇಳ್ಬೇಕು? ಎರಡು ಹಿಡಿ ಸೋಪಿನ ಪುಡಿ ಸುರಿದು ಕೋಟನ್ನ ಕೊಳಕ್ಕೆ ಅದ್ದಿದ.

ಕೋಟು ನೀರು ಕುಡಿಯೋಕೆ ಶುರು ಮಾಡ್ತು. ನಲವತ್ತು ವರ್ಷದ ಬಾಯಾರಿಕೆ ಅದಕ್ಕೆ! ಕುಡೀತು, ಕುಡೀತು, ಕೊಳ ಒಂದು ಮೆಟ್ಟಿಲು ಇಳೀತು. ಇನ್ನೂ ಕುಡೀತು. ಆಚೆ ದಡದಲ್ಲಿ ಮೀನುಗಳು ಕೆಸರಲ್ಲಿ ಬಾಯಿ ಬಿಡ್ತಾ ಒಂದರ ಮುಖ ಒಂದು ನೋಡ್ಕೊಂಡ್ವು. ಬಾತುಗಳು ಎದ್ದು ನಡ್ಕೊಂಡು ಮನೆಗೆ ಹೋದ್ವು. ನ್ಯೊನ್ ಎತ್ತೋಕೆ ನೋಡಿದ, ಕೋಟೇ ಅವನನ್ನ ಒಳಗೆ ಎಳ್ಕೊಂತು. ಸೊಂಟದವರೆಗೂ ಕೆಸರಲ್ಲಿ ನಿಂತು, ಸತ್ತ ಎಮ್ಮೆ ಎಳೆದ ಹಾಗೆ ಎಳೆದು ಮೆಟ್ಟಿಲ ಮೇಲೆ ಹಾಕಿದ. ನೀರು ಹೋಗ್ಲಿ ಅಂತ ಬಡಿಗೆ ತಗೊಂಡು ಬಡಿದ. ಬಡಿದ ಹಾಗೆಲ್ಲಾ ಒಳಗೆ ಏನೋ ಸರೀತಿತ್ತು. ಬಿದಿರು ಗಳದ ಮೇಲೆ ಹಾಕಿದ. ಗಳ ಬಗ್ಗಿ ಬಗ್ಗಿ, ಫಟ್ ಅಂತ ಎರಡಾಯ್ತು.

ಮುಟ್ಟಿ ನೋಡಿದ. ಹತ್ತಿ ಎಲ್ಲಾ ಗಂಟು ಗಂಟಾಗಿ ಕೆಳಗಿಳಿದಿತ್ತು. ತೋಳಿನ ತುದಿಯಲ್ಲಿ ತೆಂಗಿನಕಾಯಿ ಗಾತ್ರದ ಉಂಡೆ, ಬೆನ್ನಿನ ಕಡೆ ಬರೀ ಬಟ್ಟೆ, ಆಚೆ ಬಿಸಿಲು ಕಾಣ್ತಿತ್ತು. ಕಪ್ಪು ಪಟ್ಟಿ ಮಾತ್ರ ಇನ್ನೂ ಕಪ್ಪಗೇ ಇತ್ತು.

ಅಯ್ಯೋ ದೇವ್ರೇ ಅಂತ ಅಲ್ಲೇ ಕುಕ್ಕರಿಸಿದ. ಮೈಯೆಲ್ಲಾ ಕೆಸರು, ಆದ್ರೂ ಮುಖ ಬಿಸಿಯಾಯ್ತು. ಒಗೆಯೋಕೆ ಬಾರದವನಿಗೆ ಒಂದು ಮುದುಕಿಯ ಕೋಟನ್ನ ಕೊಲ್ಲೋಕೆ ಬಂತು. ಯಾರಾದ್ರೂ ನೋಡೋ ಮುಂಚೆ ಎದ್ದು, ಎಳ್ಕೊಂಡು ಅಡುಗೆಮನೆ ಹಿಂದಿನ ಹುಲ್ಲಿನ ಬಣವೆ ಒಳಗೆ ತುರುಕಿದ. ತುರುಕ್ತಿರೋವಾಗ ಮುಂದಿನ ಗೇಟಿನಿಂದ ಹೆಣ್ಣು ದನಿ ಕೇಳಿಸ್ತು.

"ಗುಜರೀ! ಬಾತಿನ ಪುಕ್ಕ, ಹಳೇ ಪೇಪರ್, ತಗಡು... ಮನೇಲಿ ಏನಾದ್ರೂ ಇದ್ಯಾ?"

ಸ್ವಾನ್ ಅಂತ ಗುಜರಿ ಹುಡುಗಿ, ಸೈಕಲ್ಲಿನ ಎರಡು ಕಡೆ ಚೀಲ ಕಟ್ಕೊಂಡು ಐದಾರು ಊರು ಸುತ್ತೋಳು.

"ಏನೂ ಇಲ್ಲ, ಹೋಗಮ್ಮ!" ಅಂತ ಹಿಂದಿನಿಂದಲೇ ಕಿರುಚಿದ. ಸೈಕಲ್ ಗಂಟೆ ದೂರ ಆಯ್ತು.

ಹೊತ್ತು ಇಳಿಯೋವಾಗ ಲುವಾ ಬಂದ್ಲು. ಚಾಪೆ ಮೇಲೆ ಸಾಲಾಗಿ ಸ್ವೆಟರು ನೋಡಿದ್ಲು, ಒಂದನ್ನ ಎತ್ತಿ ಮೂಸಿದ್ಲು, ತಲೆ ಆಡಿಸಿದ್ಲು! ಐದು ತಿಂಗಳು ಕಾದ ತಲೆ ಆಟ. ಆಮೇಲೆ ಸುತ್ತ ಕಣ್ಣು ಹಾಯಿಸಿ ಕೇಳಿದ್ಲು, "ನನ್ನ ಹತ್ತಿ ಕೋಟು?"

ನಿಜ ಹೇಳೋಣ ಅಂತಲೇ ನ್ಯೊನ್ ಬಾಯಿ ತೆರೆದದ್ದು. ಒಳಗಿನಿಂದ ಬೇರೆ ಏನೋ ಬಂತು.

"ಬಿಸಿಲಿಗೆ ಹಾಕಿದ್ದೆ ಅತ್ತೆ. ನೋಡಿದ್ರೆ ಇಲ್ಲ."

"ಇಲ್ಲ ಅಂದ್ರೆ? ಯಾರಾದ್ರೂ ಬಂದಿದ್ರಾ?"

"ಯಾರೂ ಇಲ್ಲ. ಆ ಗುಜರಿಯವಳು ಒಬ್ಬಳು ಕೂಗ್ಕೊಂಡು ಹೋದ್ಲು, ಅಷ್ಟೆ."

ಅಷ್ಟೆ ಅಂದ, ಅಷ್ಟೇ ಅಂದದ್ದು. ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ, ಅವಳು ಕೂಗ್ಕೊಂಡು ಹೋಗಿದ್ದು ನಿಜ. ತಾನು ಯಾರ ಮೇಲೂ ಹೇಳಿಲ್ಲ ಅಂತ ನ್ಯೊನ್ ಆಮೇಲೆ ಎಷ್ಟು ಸಲ ತನಗೆ ತಾನೇ ಹೇಳ್ಕೊಂಡ ಅಂದ್ರೆ, ನಾಲಿಗೆಗೆ ಬೇಜಾರು ಬಂತು.

ಮಾರನೇ ಬೆಳಗ್ಗೆ ಆಲದ ಮರಕ್ಕೆ ಕಟ್ಟಿದ ಊರ ಮೈಕಿನಲ್ಲಿ, ನಾಟಿಗೆ ನೀರು ಬಿಡೋ ಸುದ್ದಿ, ಇಲಿ ಪಾಷಾಣದ ಸುದ್ದಿ ಆದ್ಮೇಲೆ, ಮೈಕಿನ ತ್ಯೆಪ್ ಓದಿದ: "ಲುವಾ ಅವರ ಕಂದು ಹತ್ತಿ ಕೋಟು ಕಾಣೆಯಾಗಿದೆ. ತಗೊಂಡವರು ವಾಪಸ್ ಇಟ್ರೆ ಯಾರೂ ಏನೂ ಕೇಳೋದಿಲ್ಲ." ಯಾರ ಹೆಸರೂ ಇಲ್ಲ. ಆದ್ರೆ ಊಟದ ಹೊತ್ತಿಗೆ ಕೋಳಿಮರಿಗಳಿಗೂ ಹೆಸರು ಗೊತ್ತಿತ್ತು.

ಸ್ವಾನ್ ಏನೂ ತಿಳಿಯದೆ ಸೈಕಲ್ ತುಳ್ಕೊಂಡು ಬಂದ್ಲು. ಕೇರಿ ಮಧ್ಯ ಏಳೆಂಟು ಹೆಂಗಸರು ನಿಂತಿದ್ರು, ಯಾರೂ ದಾರಿ ಬಿಡಲಿಲ್ಲ.

"ಏನ್ ತಾಯಿ, ಇವತ್ತು ಚೀಲ ದಪ್ಪ ಇದ್ಯಲ್ಲ?" ಅಂದ್ಲು ಒಬ್ಬಳು.

"ದಪ್ಪ ಇದ್ರೆ ತಾನೇ ಅಕ್ಕ ನಮ್ಮ ಹೊಟ್ಟೆ ತುಂಬೋದು."

"ಹತ್ತಿ ತುಂಬಿದ್ರೂ ದಪ್ಪ ಆಗತ್ತೆ."

ಸ್ವಾನ್‌ಗೆ ಅರ್ಥ ಆಗೋಕೆ ಒಂದು ಗಳಿಗೆ ಬೇಕಾಯ್ತು. ಆಮೇಲೆ ಅವಳ ಮುಖ ಕೆಂಪಾಗಿದ್ದನ್ನ ನ್ಯೊನ್ ಗೇಟಿನ ಹಿಂದಿನಿಂದ ನೋಡಿದ. ಅವಳು ಸೈಕಲ್ ನಿಲ್ಲಿಸಿ, ಹಗ್ಗ ಬಿಚ್ಚಿ, ಎರಡೂ ಚೀಲ ದಾರೀಲಿ ಬುಡಮೇಲು ಮಾಡಿದ್ಲು. ಬಾಟ್ಲಿ, ರಟ್ಟು, ಮುರಿದ ಫ್ಯಾನು, ಒಂದೇ ಒಂದು ಗಂಡಸಿನ ಚಪ್ಪಲಿ. ಬಾತಿನ ಪುಕ್ಕ ಎದ್ದು ಇಡೀ ಕೇರಿ ಮೇಲೆ ಹಾರಾಡ್ತು, ನಮ್ಮೂರಲ್ಲಿ ಹಿಮ ಬಿದ್ದದ್ದು ಅದೊಂದೇ ಸಲ.

"ನೋಡಿ. ಸರಿಯಾಗಿ ನೋಡ್ಕೊಳ್ಳಿ," ಅಂದ್ಲು. ಆಮೇಲೆ ಅವಳ ಕಣ್ಣು ನ್ಯೊನ್ ಮೇಲೆ ಬಿತ್ತು. "ಅಣ್ಣ! ನೀನಿದ್ದೆಯಲ್ಲ ಮನೇಲಿ. ನಾನು ಗೇಟಲ್ಲಿ ನಿಂತು ಕೂಗಿದೆ, ನೀನು ಹಿಂದಿನಿಂದ 'ಇಲ್ಲ ಹೋಗಮ್ಮ' ಅಂದೆ. ನಾನು ಒಳಗೆ ಕಾಲಿಟ್ನಾ? ನೀನೇ ಹೇಳು ಇವರಿಗೆ."

ಎಲ್ಲರೂ ತಿರುಗಿ ನೋಡಿದ್ರು. ಹೇಳೋ ಹೊತ್ತು ಅದು. ತಟ್ಟೇಲಿ ಬಡಿಸಿ ಕೈಗೆ ಕೊಟ್ಟ ಹಾಗೆ ಬಂದಿತ್ತು.

"ನಾನು ಹಿಂದೆ ಇದ್ದೆ," ಅಂದ ನ್ಯೊನ್. "ನನಗೆ ಕಾಣಿಸ್ಲಿಲ್ಲ."

ಸ್ವಾನ್ ಬಗ್ಗಿ ಬಾಟ್ಲಿ ಆರಿಸೋಕೆ ಶುರು ಮಾಡಿದ್ಲು. ಆವಾಗ ಲುವಾ ಅತ್ತೆ, ಪಾಪ, ಒಳ್ಳೇ ಮನಸ್ಸಿಂದಲೇ ಅಂದ್ಲು, "ಹೋಗ್ಲಿ ಬಿಡ್ರೇ. ತಗೊಂಡಿದ್ರೂ ಆ ಮಗೂಗೂ ಚಳಿ ಆಗಿರ್ಬೇಕು."

ಸ್ವಾನ್ ನೆಟ್ಟಗೆ ನಿಂತ್ಲು. "ಚಳಿ ಆದ್ರೆ ನಡುಗ್ತೀನಿ ಅಜ್ಜಿ. ಕದಿಯಲ್ಲ."

ಹೋದ್ಲು. ಮತ್ತೆ ನಮ್ಮ ಕೇರಿಗೆ ಬರಲಿಲ್ಲ.

ಅಲ್ಲಿಂದ ನ್ಯೊನ್‌ಗೆ ಅತ್ತೆ ಮೀನಿನ ಒಳ್ಳೇ ತುಂಡು ಬಟ್ಟಲಿಗೆ ಹಾಕಿದ್ರೆ ಆ ಮೀನೇ ಅವನನ್ನ ದಿಟ್ಟಿಸೋದು. ಇನ್ನೊಂದು ಕಾಟ ಏನಪ್ಪ ಅಂದ್ರೆ, ಬಣವೆ ಒಳಗಿನ ಕೋಟನ್ನ ಹ್ವೇ ಮನೆ ಕೋಳಿ ಕಂಡುಹಿಡೀತು. ಅಷ್ಟು ಮೆತ್ತನೆ ಹಾಸಿಗೆ ಅದರ ವಂಶದಲ್ಲೇ ಯಾವ ಕೋಳಿಗೂ ಸಿಕ್ಕಿರಲಿಲ್ಲ. ಖುಷಿಗೆ ದಿನಕ್ಕೆ ನಾಲ್ಕು ಮೊಟ್ಟೆ ಇಡೋಕೆ ಶುರು ಮಾಡ್ತು, ಇಟ್ಟ ಒಂದೊಂದಕ್ಕೂ ಊರಿಗೆಲ್ಲಾ ಕೇಳೋ ಹಾಗೆ ಕೂಗ್ತು. ಅದು ಕೂಗಿದಾಗೆಲ್ಲಾ ನ್ಯೊನ್ ಓಡಿ ಹೋಗಿ ಬಣವೆ ಮುಂದೆ ಅಡ್ಡ ನಿಲ್ಲೋನು.

"ಏನ್ರೀ, ಕೋಳಿ ಜೊತೆ ಏನು ಗುಟ್ಟು ನಿಮ್ದು?" ಅಂತ ಹ್ವೇ ಬೇಲಿ ಮೇಲಿಂದ ನಗೋಳು. "ಮೊಟ್ಟೆ ಇಡೋದು ಕಲೀತಿದೀರಾ?"

ಅವನಿಗೂ ನಗು ಬರಬೇಕಿತ್ತು. ಬರಲಿಲ್ಲ.

ಮೂರನೇ ತಿಂಗಳು ಬಂತು. ಬಟ್ಟೆ ಎಲ್ಲಾ ಕರ್ಪೂರದ ಬಿಲ್ಲೆ ಜೊತೆ ಪೆಟ್ಟಿಗೆ ಸೇರಿತ್ತು. ಒಂದು ಬೆಳಗ್ಗೆ ಉತ್ತರದ ಗಾಳಿ ಬೀಸ್ತು ನೋಡಿ, ನಮ್ಮ ಹುಂಜ ಕೂಗೋಕೆ ಬಾಯಿ ತೆರೆದದ್ದು ಮುಚ್ಚೋಕಾಗದೆ ಮಧ್ಯಾಹ್ನದವರೆಗೂ ಹಾಗೇ ನಿಂತಿತ್ತು. ಎಲ್ಲರೂ ಬೈಕೊಂಡು ಪೆಟ್ಟಿಗೆ ತೆಗೆದು ಸ್ವೆಟರು ಹೊರಗೆಳೆದ್ರು. ಲುವಾ ಎರಡು ಸ್ವೆಟರು ಹಾಕ್ಕೊಂಡ್ಲು, ಮೇಲೆ ಮಳೆಯ ಪ್ಲಾಸ್ಟಿಕ್ ಹೊದ್ಕೊಂಡ್ಲು. ಆದ್ರೂ ಬೆನ್ನು ಹಿಡ್ಕೊಂಡು ಒಲೆ ಮುಂದೆ ಬಗ್ಗಿ ಕೂತಿದ್ಲು. ತಾಮ್ ಪಟ್ಟಣದಿಂದ ಹೊಸ ಕೋಟು ತರ್ತೀನಿ ಅಂದ್ರೆ "ನಾಲ್ಕು ದಿನದ ಚಳಿಗೆ ಕೋಟ್ಯಾಕೆ" ಅಂದುಬಿಟ್ಲು. ನರಳಲಿಲ್ಲ, ದೂರಲಿಲ್ಲ. ನರಳಿದ್ರೆ ಎಷ್ಟೋ ವಾಸಿ ಅನ್ನಿಸ್ತು ನ್ಯೊನ್‌ಗೆ.

ಆವತ್ತು ಮಧ್ಯಾಹ್ನ ಅತ್ತೆಗೆ ಮುಲಾಮು ತರೋಕೆ ನದಿ ಏರಿ ಮೇಲೆ ಹೋಗ್ತಿದ್ದ. ಎದುರಿಗೆ ಸ್ವಾನ್ ಬಂದ್ಲು. ಗಾಳಿಗೆ ಸೈಕಲ್ ತುಳಿಯೋಕಾಗದೆ ತಳ್ಕೊಂಡು ಬರ್ತಿದ್ಲು. ಮೈ ಮೇಲೆ ಒಂದು ತೆಳು ಪ್ಲಾಸ್ಟಿಕ್ಕು, ತುಟಿ ನೀಲಿ. ಇವನು ತಲೆ ತಗ್ಗಿಸಿ ದಾಟಿಬಿಡೋಣ ಅಂದ್ಕೊಂಡ. ಆದ್ರೆ ಅವಳು ಇವನನ್ನ ನೋಡಿದ್ದೇ ನಿಂತು, ಸೈಕಲ್ಲನ್ನ ಅಡ್ಡ ತಿರುಗಿಸಿ, ಒಂದು ಚೀಲದ ಬಾಯಿ ಬಿಚ್ಚಿ ಅವನ ಕಡೆ ಹಿಡಿದ್ಲು.

"ನೋಡ್ಕೊ ಅಣ್ಣ."

"ಅಯ್ಯೋ, ಬೇಡಮ್ಮ..."

"ನೋಡ್ಕೊ. ಈಗ ಎಲ್ಲಾ ಊರಲ್ಲೂ ನೋಡ್ತಾರೆ. ಗೇಟಿನ ಹತ್ರ ಬಂದ್ರೆ ಗಳದ ಮೇಲಿನ ಬಟ್ಟೆ ಎಣಿಸ್ತಾರೆ. ನಂಗೆ ಅಭ್ಯಾಸ ಆಗಿದೆ."

ಕೋಪ ಇರಲಿಲ್ಲ ಆ ದನೀಲಿ. ಸೀಟು ಒರೆಸಿ ಕೂರಿ ಅನ್ನೋ ಹಾಗೆ ಅಂದ್ಲು. ನ್ಯೊನ್ ಮುಲಾಮಿನ ಅಂಗಡಿ ಕಡೆ ಹೋಗಲಿಲ್ಲ. ತಿರುಗಿ ಓಡಿದ. ಬಣವೆಗೆ ಕೈ ಹಾಕಿ, ಕೋಳಿಯನ್ನ ಎತ್ತಿ ಪಕ್ಕಕ್ಕಿಟ್ಟು, ನೂರಾ ಹದಿಮೂರು ಮೊಟ್ಟೆ ಒಂದೊಂದಾಗಿ ಹುಲ್ಲಿಗೆ ಸರಿಸಿ, ಆ ಕೋಟನ್ನ ಹೊರಗೆಳೆದ. ಮೈ ಮೇಲೆ ಹಾಕ್ಕೊಂಡ. ಅವನಿಗೆ ಅದು ಮೊಳಕೈವರೆಗೂ ಬರ್ತಿರಲಿಲ್ಲ. ತೋಳಿನ ತುದಿಯಲ್ಲಿ ಉಂಡೆ ತೂಗಾಡ್ತಾ, ಮೈಯೆಲ್ಲಾ ಹುಲ್ಲು, ಭುಜದ ಮೇಲೆ ಕೋಳಿ ಹಿಕ್ಕೆ. ಹಾಗೇ ಕೇರಿ ಮಧ್ಯದಿಂದ ಮೈಕಿನ ಕಚೇರಿಗೆ ನಡೆದ. ಹಿಂದೆ ಕೋಳಿ, ತನ್ನ ಹಾಸಿಗೆ ಕೇಳ್ತಾ.

ಮೈಕಿನ ತ್ಯೆಪ್ ಸಂಜೆ ಸುದ್ದಿಗೆ ಕನ್ನಡಕ ಒರೆಸ್ತಿದ್ದ.

"ನಾನು ಮಾತಾಡ್ಬೇಕು," ಅಂದ ನ್ಯೊನ್.

"ವಿಷಯ ಏನು? ಬರೆದು ಕೊಡಿ, ಅಧ್ಯಕ್ಷರ ಸಹಿ ಆಗ್ಬೇಕು."

"ಕೋಟಿನ ವಿಷಯ."

ತ್ಯೆಪ್ ಕನ್ನಡಕ ಹಾಕ್ಕೊಂಡು ಅವನನ್ನ ಮೇಲಿಂದ ಕೆಳಗೆ ನೋಡಿದ. ಸುಮ್ಮನೆ ಎದ್ದು ಕುರ್ಚಿ ಬಿಟ್ಟ.

ನ್ಯೊನ್ ಎರಡೂ ಕೈಯಲ್ಲಿ ಮೈಕು ಹಿಡ್ಕೊಂಡ. ಹೇಳಿದ. ಮೊದಲಿಂದ ಹೇಳಿದ, ಬೆವರು ಸುರಿಸ್ಕೊಂಡು, ಕಣ್ಣು ಮುಚ್ಕೊಂಡು, ತನಗೆ ಎಷ್ಟು ಭಯ ಆಯ್ತು, ಒಳ್ಳೇದು ಮಾಡೋಕೆ ಹೋಗಿ ಹೀಗಾಯ್ತು, ಅತ್ತೆ ಮೇಲೆ ಎಷ್ಟು ಪ್ರೀತಿ ಅಂತೆಲ್ಲಾ ಹೇಳಿ ಮುಗಿಸಿ ಕಣ್ಣು ಬಿಟ್ಟ. ತ್ಯೆಪ್ ಗಂಟಲು ಸರಿ ಮಾಡ್ಕೊಂಡ.

"ಚೆನ್ನಾಗಿ ಹೇಳಿದೆ ಮಾರಾಯ. ಆದ್ರೆ ನಾನು ಸ್ವಿಚ್ಚು ಹಾಕೋದು ಮರೆತಿದ್ದೆ."

ಆ ಗಳಿಗೇಲಿ ಎದ್ದು ಹೋಗಿಬಿಡಬಹುದಿತ್ತು. ಹೇಳಿದ್ದಾಯ್ತಲ್ಲ ಅಂತ ಮನಸ್ಸು ಅಂದೇ ಅಂತು. ತ್ಯೆಪ್ ಸ್ವಿಚ್ಚು ಒತ್ತಿದ, ಹೊರಗೆ ಆಲದ ಮರದ ಮೇಲಿನ ಮೈಕು ಕಿರ್ರ್ ಅಂತು. ಎರಡನೇ ಸಲಕ್ಕೆ ಆ ಪ್ರೀತಿ, ಭಯ, ಒಳ್ಳೇದು ಯಾವುದೂ ಬಾಯಿಗೆ ಬರಲಿಲ್ಲ.

"ನಾನು ಲುವಾ ಮನೆ ಅಳಿಯ ನ್ಯೊನ್. ಅತ್ತೆ ಕೋಟು ನಾನು ಹಾಳು ಮಾಡಿದೆ, ಬಣವೇಲಿ ಬಚ್ಚಿಟ್ಟೆ. ಸ್ವಾನ್ ಗೇಟಿನೊಳಗೆ ಕಾಲಿಡಲಿಲ್ಲ. ನನಗೆ ಗೊತ್ತಿತ್ತು. ಅವಳು ಕೇಳಿದಾಗ ಕಾಣಿಸ್ಲಿಲ್ಲ ಅಂದೆ."

ಅಷ್ಟೇ. ಅವನ ದಕ್ಷಿಣದ ರಾಗ ಐದು ಊರಿಗೆ ಕೇಳಿಸ್ತು. ಗದ್ದೆ ಎಮ್ಮೆಗಳು ಮೇಯೋದು ನಿಲ್ಲಿಸಿ ಕಿವಿ ಎತ್ತಿದ್ವು. ಏರಿ ಮೇಲೆ ಒಂದು ಸೈಕಲ್ಲೂ ನಿಂತಿತು ಅಂತ ಆಮೇಲೆ ನೋಡಿದವರು ಹೇಳಿದ್ರು.

ವಾಪಸ್ ಬರೋವಾಗ ಗೇಟು ಗೇಟಲ್ಲೂ ಜನ. ಯಾರೂ ನಗಲಿಲ್ಲ, ಹ್ವೇ ಕೂಡ. ನಕ್ಕಿದ್ರೆ ದಾರಿ ಬೇಗ ಸಾಗೋದು. ಲುವಾ ಬಾಗಿಲಲ್ಲಿ ನಿಂತಿದ್ಲು. ಹತ್ತಿರ ಬಂದು, ತೋಳಿನ ಉಂಡೆ ಅಮುಕಿ ನೋಡಿದ್ಲು, ಬೆನ್ನಿನ ಬರೀ ಬಟ್ಟೆ ಮೇಲೆ ಕೈ ಆಡಿಸಿದ್ಲು. ಅವಳ ಅಮ್ಮ ಹಾಸಿದ ಹತ್ತಿ.

"ಹೊಡೀರಿ ಅತ್ತೆ," ಅಂದ ನ್ಯೊನ್.

"ಕೋಟು ಹೋದ್ರೆ ಹೋಗ್ಲಿ," ಅಂದ್ಲು ಲುವಾ. "ಆ ಹುಡುಗಿ ದಾರೀಲಿ ಚೀಲ ಸುರಿಯೋದನ್ನ ನಾನು ನೋಡ್ತಾ ನಿಂತಿದ್ದೆ. ಅವಳಿಗೆ ಚಳಿ ಆಗಿರ್ಬೇಕು ಅಂದೆ, ದೊಡ್ಡ ಮನಸ್ಸಿನವಳ ಹಾಗೆ. ಆ ಬಾಯನ್ನ ನಾನು ಯಾವ ಸೋಪಲ್ಲಿ ತೊಳೀಲಿ ಹೇಳು?"

ಇಬ್ಬರೂ ಹೊಸ್ತಿಲ ಮೇಲೆ ಕೂತ್ರು. ಕೆಲಸದಿಂದ ಬಂದ ತಾಮ್ ಬಸ್ಸಲ್ಲೇ ಎಲ್ಲಾ ಕೇಳಿಸ್ಕೊಂಡಿದ್ಲು. ಇಬ್ಬರನ್ನೂ ದಾಟ್ಕೊಂಡು ಒಳಗೆ ಹೋಗಿ ಅನ್ನಕ್ಕಿಟ್ಲು.

ಮಾರನೇ ಬೆಳಗ್ಗೆ ಸ್ವಾನ್ ಬಂದ್ಲು. ಕೂಗಲಿಲ್ಲ. ಕೇರಿ ಮಧ್ಯ ಸೈಕಲ್ ನಿಲ್ಲಿಸಿದ್ಲು. ಹ್ವೇ ಬಿಸಿ ಚಹಾ ತಗೊಂಡು ಓಡಿದ್ಲು. ಇನ್ನೊಬ್ಬಳು ಅಂಟಕ್ಕಿ ಉಂಡೆ ತಂದ್ಲು. ಸ್ವಾನ್ ಯಾವುದನ್ನೂ ಮುಟ್ಟಲಿಲ್ಲ.

"ಅಕ್ಕಂದಿರಾ, ನನ್ನ ಚೀಲ ನೋಡಿದ್ರಿ. ಇವತ್ತು ನಾನು ನಿಮ್ಮ ಪೆಟ್ಟಿಗೆ ನೋಡ್ತೀನಿ. ಎಲ್ಲಾ ಇಲ್ಲೇ, ದಾರೀಲಿ ಸುರೀರಿ."

ಒಬ್ಬರ ಮುಖ ಒಬ್ಬರು ನೋಡಿದ್ರು. ಚಳಿ ಪೆಟ್ಟಿಗೆ ಅಂದ್ರೆ ಗೊತ್ತಲ್ಲ, ತೇಪೆ, ತೂತು, ಯಾರಿಗೂ ತೋರಿಸದ್ದೆಲ್ಲಾ ಅದರಲ್ಲೇ ಇರತ್ತೆ. ಮೊದಲು ಎದ್ದವಳು ಲುವಾ. ಅಳಿಯನ ಕಡೆ ತಿರುಗಿ, "ಹೊತ್ಕೊಂಡು ಬಾ," ಅಂದ್ಲು. ನ್ಯೊನ್ ಪೆಟ್ಟಿಗೆ ಹೊತ್ತು ತಂದು, ಮಂಡಿ ಊರಿ, ಬುಡಮೇಲು ಮಾಡಿದ. ಅವನದೇ ತೂತು ಬಿದ್ದ ಒಳಚಡ್ಡಿ ಎಲ್ಲಕ್ಕಿಂತ ಮೇಲೆ ಬಂದು ಕೂತಿತು. ಆಮೇಲೆ ಹ್ವೇ ತಂದ್ಲು. ಆಮೇಲೆ ಒಬ್ಬೊಬ್ಬರೇ.

ಅಬ್ಬಾ, ಏನೇನು ಹೊರಗೆ ಬಂತು! ಹ್ವೇ ಪೆಟ್ಟಿಗೇಲಿ ಎದುರು ಮನೆಯವಳ ಮಗಳ ಮದುವೆ ಶಾಲು, ಆರು ವರ್ಷದ ಹಿಂದೆ ಒಂದು ಸಂಜೆಗೆ ಅಂತ ತಗೊಂಡದ್ದು. ಎದುರು ಮನೆಯವಳ ಪೆಟ್ಟಿಗೇಲಿ ಹ್ವೇಯ ಎರಡು ಟೋಪಿ. ಇನ್ನೊಬ್ಬಳದ್ದರಲ್ಲಿ ಊರ ದೇವಸ್ಥಾನದ ಕೆಂಪು ಪರದೆ, ರಜಾಯಿಗೆ ಒಳಹೊದಿಕೆ ಆಗಿತ್ತು! ಮೈಕಿನ ತ್ಯೆಪ್ ಹೆಂಡತಿ ಸುರಿದ ರಾಶೀಲಿ ಶಾಲೆಯ ಬಾವುಟವೇ ಸಿಕ್ತು. ಹನ್ನೊಂದು ಮನೆ, ಹನ್ನೊಂದು ರಾಶಿ, ಹೆಂಗಸರೆಲ್ಲಾ ನೆಲ ನೋಡ್ತಾ ನಿಂತಿದ್ರು. ಆ ಚಳೀಲೂ ಎಲ್ಲರ ಕಿವಿ ಹೊಗೆಯಾಡ್ತಿತ್ತು.

ಸ್ವಾನ್ ರಾಶಿಗಳ ಮಧ್ಯ ಮೆಲ್ಲಗೆ ನಡೆದ್ಲು. ಒಂದನ್ನೂ ಮುಟ್ಟಲಿಲ್ಲ. ಕೊನೇ ರಾಶಿ ದಾಟಿ, ಹ್ವೇ ಕೈಯಲ್ಲಿ ತಣ್ಣಗಾಗಿದ್ದ ಚಹಾ ತಗೊಂಡು ಒಂದೇ ಗುಟುಕಿಗೆ ಕುಡಿದ್ಲು. "ಗುಜರಿ ಏನಾದ್ರೂ ಇದ್ರೆ ಕೊಡಿ," ಅಂದ್ಲು. ಆವತ್ತು ಜನ ಕೊಟ್ಟದ್ದನ್ನ ಹೊರೋಕೆ ಅವಳ ಸೈಕಲ್ಲಿಗೆ ಮೂರು ಚಕ್ರ ಇದ್ದಿದ್ರೂ ಸಾಲ್ತಿರಲಿಲ್ಲ.

ಈಗಲೂ ಬರ್ತಾಳೆ. ಲುವಾ ಹತ್ರ ಮಾತಾಡ್ತಾಳೆ, ಬೆನ್ನು ಹೇಗಿದೆ ಅಜ್ಜಿ ಅಂತ ಕೇಳ್ತಾಳೆ. ನ್ಯೊನ್ ಹತ್ರ ಮಾತ್ರ ಇಲ್ಲ. ಇವನು ಚೀಲ ಕಟ್ಟೋಕೆ ಕೈ ಹಾಕಿದ್ರೆ ಹಗ್ಗ ಬಿಟ್ಟು ಪಕ್ಕಕ್ಕೆ ಸರೀತಾಳೆ. ಇವನು ಕಟ್ಟಿದ ಮೇಲೆ ಗಂಟು ಬಿಚ್ಚಿ ಮತ್ತೆ ತಾನೇ ಕಟ್ಕೋತಾಳೆ. ಇವನು ಅದನ್ನ ನೋಡ್ತಾ ನಿಲ್ತಾನೆ, ಒಳಗೆ ಓಡಿ ಹೋಗಲ್ಲ.

ಕೋಟಿನ ಹತ್ತಿಯನ್ನ ಆ ಬೇಸಗೆ ಪೂರ್ತಿ ಜಗಲಿ ಮೇಲೆ ಕೂತು ಹಿಂಜಿದ. ಅತ್ತೆ ಮೂರು ಸಲ ತಿರುಗಿ ಕೊಟ್ಲು, ಇನ್ನೂ ಗಂಟಿದೆ ಅಂತ.

ಇಷ್ಟೇ ಕತೆ. ನೀವು ನಗಬೇಕಾದ ಕಡೆ ನಕ್ರಿ, ಆ ಪೆಟ್ಟಿಗೆಗಳ ಜಾಗದಲ್ಲಿ ಮಾತ್ರ ಯಾಕೋ ನೆಲ ನೋಡಿದ್ರಿ, ನಾನು ಗಮನಿಸ್ದೆ. ಹೋದ ಚಳೀಲಿ ನನ್ನ ಉಣ್ಣೆ ಮಫ್ಲರು ಎರಡು ದಿನಕ್ಕೆ ಅಂತ ತಗೊಂಡು ಹೋದವರು ಇಲ್ಲೇ ಕೂತಿದೀರಿ. ನಾನೇನೂ ಹೆಸರು ಹೇಳಲ್ಲ. ಒಗೆದು, ಒಣಗಿಸಿ, ನಾಳೆ ಬೆಳಗ್ಗೆ ನಮ್ಮ ಗೇಟಿಗೆ ಸಿಕ್ಕಿಸಿಬಿಡಿ. ತ್ಯೆಪ್ ಸಂಜೆ ಸುದ್ದಿ ಓದೋದು ಐದಕ್ಕೆ.